ತಿನ್ನಲಾಗದ ತಿನಿಸುಗಳ ಊರು

ಜಪಾನ್ ದೇಶದ ಪಟ್ಟಣಗಳಲ್ಲಿ ತಿರುಗಾಡುವವರಿಗೆ ಉಪಾಹಾರ ಗೃಹಗಳ ಬಾಗಿಲ ಬಳಿ ಗಾಜಿನ ಕಪಾಟೊಂದು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಅದರೊಳಗೆ ತಟ್ಟೆ, ಬಟ್ಟಲು, ಬೋಗುಣಿಗಳ ಸಾಲು. ಒಂದರಲ್ಲಿ ಅನ್ನ, ಅದರ ಮಗ್ಗುಲಿಗೆ ಕಂದು ಬಣ್ಣದ ಮಸಾಲೆ ಸಾರು. ಇನ್ನೊಂದರಲ್ಲಿ ಈಗ ತಾನೇ ಒಲೆಯಿಂದ ಇಳಿಸಿದಂತೆ ತೋರುವ ದಪ್ಪ ಶಾವಿಗೆ. ಮತ್ತೊಂದರಲ್ಲಿ ತಣ್ಣನೆಯ ಹನಿಗಳು ಹೊರಮೈಗೆ ಕಟ್ಟಿಕೊಂಡಿರುವ ಹಣ್ಣಿನ ರಸದ ಲೋಟ. ಪ್ರತಿಯೊಂದರ ಮುಂದೆ ಹೆಸರು, ಬೆಲೆ ಬರೆದ ಪುಟ್ಟ ಫಲಕ. ನೋಡುವವರ ಬಾಯಲ್ಲಿ ನೀರೂರಬೇಕು, ಹಾಗಿರುತ್ತದೆ ಆ ಸಾಲು. ಆದರೆ ಅವುಗಳಲ್ಲಿ ಒಂದನ್ನೂ ತಿನ್ನಲಾಗದು. ಎಲ್ಲವೂ ಎರಕ ಹೊಯ್ದು ಬಣ್ಣ ಬಳಿದ ಪ್ರತಿಕೃತಿಗಳು. ಜಪಾನೀಯರು ಇವನ್ನು ‘ಷೊಕುಹಿನ್ ಸಂಪುರು’ ಎನ್ನುತ್ತಾರೆ. ಷೊಕುಹಿನ್ ಎಂದರೆ ಆಹಾರ ಪದಾರ್ಥ. ಸಂಪುರು ಎಂಬುದು ‘ಸ್ಯಾಂಪಲ್’ ಶಬ್ದಕ್ಕೆ ಅವರ ನಾಲಿಗೆ ಕೊಟ್ಟ ರೂಪ.

ನಗೋಯಾ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಅಳಿಯಂದಿರ ಆಹ್ವಾನದ ಮೇರೆಗೆ ಆ ದೇಶಕ್ಕೆ ಹೋಗಿದ್ದ ನಾವು, ಬುದ್ಧನ ಆಲಯಗಳನ್ನೂ ಉದ್ಯಾನಗಳನ್ನೂ ನೋಡಿದ ಮೇಲೆ, ಈ ತಿನ್ನಲಾಗದ ತಿನಿಸುಗಳ ಮೂಲವನ್ನು ಕಾಣಬೇಕೆಂದು ಹಟ ಹಿಡಿದೆವು. ಅನ್ನವೆಂದರೆ ಕೈಮುಗಿಯುವ ಮನೆಗಳಲ್ಲಿ ಬೆಳೆದವರಿಗೆ, ಅನ್ನದ ಸುಳ್ಳು ರೂಪವನ್ನು ಇಷ್ಟು ಶ್ರದ್ಧೆಯಿಂದ ಮಾಡುವ ಜನರನ್ನು ಕಾಣುವ ಕುತೂಹಲ ಹುಟ್ಟಿದ್ದು ಸಹಜವೇ.

ಟೋಕಿಯೋದಲ್ಲಿ ಉಎನೋ ಮತ್ತು ಅಸಾಕುಸಾ ಎಂಬ ಎರಡು ಪ್ರಸಿದ್ಧ ಭಾಗಗಳ ನಡುವೆ ಕಪ್ಪಾಬಾಶಿ ಎಂಬ ಬೀದಿಯಿದೆ. ಉದ್ದ ಸುಮಾರು 800 ಮೀಟರು, ಅಂಗಡಿಗಳು 170ರಷ್ಟು. ಬೀದಿಯ ಒಂದು ತುದಿಯಲ್ಲಿ ಕಟ್ಟಡದ ಮೇಲೆ ಬಿಳಿ ಟೊಪ್ಪಿಗೆ ಧರಿಸಿದ ಬಾಣಸಿಗನ ಭಾರೀ ತಲೆಯೊಂದನ್ನು ನಿಲ್ಲಿಸಿದ್ದಾರೆ. ಅಡುಗೆಮನೆಗೂ ಹೋಟೆಲಿಗೂ ಬೇಕಾದ ಸಕಲ ಸಾಮಗ್ರಿಗಳ ಪೇಟೆ ಇದು: ಚಾಕುಗಳು, ಕಬ್ಬಿಣದ ಬಾಣಲೆಗಳು, ಅರಗಿನ ಬಟ್ಟಲುಗಳು, ಬಾಗಿಲಿಗೆ ಕಟ್ಟುವ ಪರದೆಗಳು. ಇವುಗಳ ನಡುವೆ ಪ್ರತಿಕೃತಿ ತಿನಿಸುಗಳ ಅಂಗಡಿಗಳೂ ಇವೆ. ಗಾಳಿಯಲ್ಲಿ ತಾನಾಗಿಯೇ ನಿಂತ ಮುಳ್ಳುಚಮಚ, ಅದರಿಂದ ತಟ್ಟೆಗೆ ಇಳಿಬಿದ್ದ ಶಾವಿಗೆಯ ಎಳೆಗಳು — ಇಂಥ ಚಮತ್ಕಾರದ ಮುಂದೆ ಮಕ್ಕಳು ಮಾತ್ರವಲ್ಲ, ಅಜ್ಜ ಅಜ್ಜಿಯರೂ ನಿಂತುಬಿಡುತ್ತಾರೆ. ಬೆಲೆ ಕೇಳಿದರೆ ಮಾತ್ರ ಹಿಂದೆ ಸರಿಯಬೇಕಾಗುತ್ತದೆ. ಹೋಟೆಲಿಗಾಗಿ ಮಾಡಿದ ಒಂದು ಬೋಗುಣಿ ಶಾವಿಗೆಯ ಪ್ರತಿಕೃತಿಗೆ ತೆರುವ ಹಣದಲ್ಲಿ ನಿಜವಾದ ಶಾವಿಗೆಯನ್ನು ಒಂದು ಕುಟುಂಬ ಹಲವು ದಿನ ಉಣ್ಣಬಹುದು. ಪ್ರವಾಸಿಗರಿಗೆಂದು ಕೀಲಿಕೈ ಗೊಂಚಲಿಗೆ ತೂಗುಹಾಕುವ ಪುಟ್ಟ ತುಣುಕುಗಳೂ ದೊರೆಯುತ್ತವೆ. ಅವು ಅಗ್ಗ.

ಇದೆಲ್ಲ ಏಕೆ ಹುಟ್ಟಿತು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ನಗರಗಳಿಗೆ ಪಾಶ್ಚಾತ್ಯರ ಅಡುಗೆಯೂ ಚೀನಾದ ಅಡುಗೆಯೂ ಬರತೊಡಗಿದವು. ಹಳ್ಳಿಯಿಂದ ಬಂದವನಿಗೆ ಫಲಕದ ಮೇಲೆ ಬರೆದ ಹೆಸರು ಅರ್ಥವಾಗುತ್ತಿರಲಿಲ್ಲ. ಆ ಹೆಸರಿನ ಹಿಂದೆ ತಟ್ಟೆಯಲ್ಲಿ ಏನು ಬರುವುದೆಂದು ತಿಳಿಯುವ ಬಗೆಯೂ ಇರಲಿಲ್ಲ. 1923ರ ಸೆಪ್ಟೆಂಬರಿನಲ್ಲಿ ಟೋಕಿಯೋ ಪ್ರಾಂತವನ್ನು ನೆಲಸಮ ಮಾಡಿದ ಮಹಾಭೂಕಂಪದ ತರುವಾಯ, ನಿಹೊಂಬಾಶಿಯ ಶಿರೊಕಿಯಾ ಎಂಬ ದೊಡ್ಡ ಮಳಿಗೆಯ ಭೋಜನಶಾಲೆಯವರು ತಿನಿಸುಗಳ ಮೇಣದ ಮಾದರಿಗಳನ್ನು ಗಾಜಿನ ಹಿಂದೆ ಇರಿಸಿದರು. ಜನರು ಅವನ್ನು ನೋಡಿ, ಬೇಕಾದುದಕ್ಕೆ ಚೀಟಿ ಕೊಂಡು, ಒಳಗೆ ಹೋಗಿ ಕುಳಿತರು. ಗದ್ದಲ ಕಡಿಮೆಯಾಯಿತು; ವ್ಯಾಪಾರ ಬೆಳೆಯಿತು. ನಿಜವಾದ ಊಟವನ್ನೇ ಗಾಜಿನ ಹಿಂದಿಟ್ಟರೆ ಸಂಜೆಯೊಳಗೆ ಒಣಗಿ ಕೆಟ್ಟು ಬೀದಿಯ ಪಾಲಾಗುತ್ತದೆ. ಮೇಣದ ಊಟಕ್ಕೆ ಆ ಹಂಗಿಲ್ಲ. ಅನ್ನ ಹಾಳಾಗದಂತೆ ಅನ್ನವನ್ನು ತೋರಿಸಿದ ಈ ಉಪಾಯ ನಮಗಂತೂ ಮೆಚ್ಚಿಗೆಯಾಯಿತು.

ಈ ಕಸುಬನ್ನು ದೇಶವ್ಯಾಪಿ ಉದ್ಯಮವನ್ನಾಗಿ ಮಾಡಿದವರು ಇವಾಸಾಕಿ ತಕಿಜೋ. 1895ರಲ್ಲಿ ಗಿಫು ಪ್ರಾಂತದ ಗುಜೋ ಹಾಚಿಮಾನ್ ಎಂಬ ಬೆಟ್ಟದೂರಿನಲ್ಲಿ ಜನಿಸಿದ ಇವರು, 1932ರಲ್ಲಿ ಒಸಾಕಾ ನಗರದಲ್ಲಿ ತಮ್ಮ ಕಾರ್ಯಾಗಾರವನ್ನು ತೆರೆದರು. 1965ರಲ್ಲಿ ಅವರು ತೀರಿಕೊಂಡರೂ ಅವರ ಹೆಸರಿನ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಯುದ್ಧಾನಂತರ ಅವರ ಹುಟ್ಟೂರಿನಲ್ಲಿಯೂ ತಯಾರಿಕೆ ಬೇರೂರಿತು. ಕಪ್ಪಾಬಾಶಿ ಈ ವಸ್ತುಗಳ ಪೇಟೆಯಾದರೆ ಗುಜೋ ಹಾಚಿಮಾನ್ ಇವುಗಳ ತವರುಮನೆ. ನಾವು ತವರಿಗೇ ಹೊರಟೆವು.

ಮಿನೊ ಓತಾ ಎಂಬ ನಿಲ್ದಾಣದಲ್ಲಿ ಗಾಡಿ ಬದಲಿಸಿ, ನಗಾರಾಗಾವಾ ರೈಲ್ವೆಯ ಒಂದೇ ಡಬ್ಬಿಯ ಪುಟ್ಟ ಡೀಸೆಲ್ ಗಾಡಿಯನ್ನು ಹತ್ತಬೇಕು. ಅದು ನಗಾರಾ ನದಿಯ ಜೊತೆಗೇ ಸಾಗುತ್ತದೆ. ಒಮ್ಮೆ ಈ ದಡ, ಒಮ್ಮೆ ಆ ದಡ. ನೀರು ಎಷ್ಟು ತಿಳಿಯೆಂದರೆ ಸೇತುವೆಯ ಮೇಲಿಂದಲೇ ತಳದ ಕಲ್ಲುಗಳು ಕಾಣುತ್ತವೆ. ಒಂದೂಕಾಲು ಗಂಟೆಗೂ ಮಿಕ್ಕಿದ ಆ ಪ್ರಯಾಣದಲ್ಲಿ ನಮ್ಮೊಡನೆ ಶಾಲೆಯಿಂದ ಮರಳುವ ಮಕ್ಕಳು, ಸಂತೆ ಮುಗಿಸಿದ ನಾಲ್ಕಾರು ವೃದ್ಧೆಯರು. ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ.

ಗುಜೋ ಹಾಚಿಮಾನ್ ನೀರಿನ ಊರು. ಬೆಟ್ಟದ ನೆತ್ತಿಯ ಮೇಲೆ 1933ರಲ್ಲಿ ಮರದಿಂದ ಮರಳಿ ಕಟ್ಟಿದ ಕೋಟೆ. ಕೆಳಗೆ ಊರ ನಡುವೆ ಭೋರ್ಗರೆಯುವ ಯೋಷಿದಾ ನದಿ. ಓಣಿ ಓಣಿಗಳ ಮಗ್ಗುಲಲ್ಲಿ ಕಲ್ಲಿನ ಕಾಲುವೆಗಳು. ಇಲ್ಲಿಯ ಸೋಗಿಸುಇ ಎಂಬ ಒರತೆಯನ್ನು ಜಪಾನ್ ಸರಕಾರದ ಪರಿಸರ ಇಲಾಖೆಯು 1985ರಲ್ಲಿ ನಾಡಿನ ನೂರು ಶ್ರೇಷ್ಠ ಜಲಗಳಲ್ಲಿ ಒಂದೆಂದು ಆರಿಸಿತು. ಅದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದದ್ದು ಊರವರು ನೀರನ್ನು ಬಳಸುವ ಕ್ರಮ. ‘ಮಿಜುಬುನೆ’ ಎಂಬ ಮೆಟ್ಟಿಲು ಮೆಟ್ಟಿಲಾದ ತೊಟ್ಟಿಗಳಿವೆ. ಮೇಲಿನ ತೊಟ್ಟಿಯ ನೀರು ಕುಡಿಯಲಿಕ್ಕೆ. ಅದು ತುಂಬಿ ಇಳಿದ ನೀರು ಕಾಯಿಪಲ್ಲೆ ತೊಳೆಯಲಿಕ್ಕೆ. ಅದರ ಕೆಳಗಿನದು ಪಾತ್ರೆಗಳಿಗೆ. ಪಾತ್ರೆಯಿಂದ ಬಿದ್ದ ಅನ್ನದ ಅಗುಳು ಕೊನೆಯ ಕೊಳದಲ್ಲಿರುವ ಮೀನುಗಳ ಪಾಲು. ಒಂದು ಅಗುಳೂ ವ್ಯರ್ಥವಿಲ್ಲ. ನಮ್ಮ ತಾಯಂದಿರು ಇದನ್ನು ಕಂಡಿದ್ದರೆ ಅರ್ಧ ದಿನ ಅಲ್ಲಿಯೇ ಕುಳಿತುಬಿಡುತ್ತಿದ್ದರು. ಬೇಸಿಗೆಯಲ್ಲಿ, ಜುಲೈ ನಡುವಿನಿಂದ ಸೆಪ್ಟೆಂಬರ್ ಆರಂಭದವರೆಗೆ, ಈ ಓಣಿಗಳಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಜನರು ಕೂಡಿ ಕುಣಿಯುತ್ತಾರೆ. ನಾವು ಹೋದದ್ದು ಆ ಕಾಲವಲ್ಲ.

ಬಾಲಕ ತಕಿಜೋ ಒಮ್ಮೆ ಕರಗಿದ ಮೇಣದ ಬತ್ತಿಯ ಹನಿ ನೀರಿಗೆ ಬಿದ್ದು ಹೂವಿನಂತೆ ಅರಳಿದುದನ್ನು ಕಂಡನೆಂದೂ, ಆ ನೆನಪೇ ಮುಂದೆ ಕಸುಬಾಯಿತೆಂದೂ ಊರವರು ಹೇಳುತ್ತಾರೆ. ಅವರ ಮೊದಲ ಮುಖ್ಯ ಕೃತಿ ಅನ್ನವನ್ನು ಒಳಗಿಟ್ಟು ಮಡಿಸಿದ ಆಮ್ಲೆಟ್ಟು; ಅದನ್ನು ನಿಜವಾದುದರ ಪಕ್ಕದಲ್ಲಿಟ್ಟಾಗ ಅವರ ಪತ್ನಿಗೇ ಯಾವುದು ಯಾವುದೆಂದು ತಿಳಿಯಲಿಲ್ಲವಂತೆ. ಇಂಥ ಕಥೆಗಳು ಪ್ರತಿ ಕಸುಬಿಗೂ ಇರುತ್ತವೆ. ಆದರೆ ಮೇಣವೂ ನೀರೂ ಸೇರಿದಾಗ ಏನಾಗುವುದೆಂಬುದನ್ನು ಅಲ್ಲಿಯ ಕಾರ್ಯಾಗಾರವೊಂದರಲ್ಲಿ ನಾವು ಕಣ್ಣಾರೆ ಕಂಡೆವು. ಕೈಯಾರೆ ಮಾಡಿಯೂ ನೋಡಿದೆವು.

ಸಂದರ್ಶಕರಿಗೆ ಎರಡು ಪಾಠಗಳನ್ನು ಕಲಿಸುತ್ತಾರೆ. ಮೊದಲನೆಯದು ತೆಂಪುರಾ, ಎಂದರೆ ನಮ್ಮ ಭಜಿಯ ಸೋದರ. ಎದುರಿಗೆ ಬೆಚ್ಚಗಿನ ನೀರಿನ ತೊಟ್ಟಿ. ಮಗ್ಗುಲಲ್ಲಿ ಕರಗಿಸಿದ ಹಳದಿ ಮೇಣ. ಸಟ್ಟುಗದಲ್ಲಿ ಆ ಮೇಣವನ್ನು ತುಂಬಿ, ಒಂದು ಗೇಣಿನಷ್ಟು ಮೇಲಿಂದ, ಸಣ್ಣ ಧಾರೆಯಾಗಿ ನೀರಿನ ಮೇಲೆ ಸುರಿಯಬೇಕು. ಧಾರೆ ನೀರಿಗೆ ತಾಗಿದೊಡನೆ ಚದುರಿ, ಎಣ್ಣೆಯಲ್ಲಿ ಹಿಟ್ಟು ಅರಳಿದಂತೆ ಜಾಲರಿಯಾಗಿ ಹರಡುತ್ತದೆ. ಮೇಲಿಂದ ಸುರಿದಷ್ಟೂ ಗರಿಗರಿಯ ರೂಪ ಬರುತ್ತದೆ. ಕೆಳಗಿಂದ ಸುರಿದರೆ ಬರಿಯ ಹಳದಿ ಹಾಳೆ. ಆ ಜಾಲರಿಯ ನಡುವೆ ಮೊದಲೇ ಎರಕ ಹೊಯ್ದ ಕುಂಬಳದ ಹೋಳನ್ನೋ ಬದನೆಯನ್ನೋ ಇಟ್ಟು, ಬೆರಳುಗಳಿಂದ ಮೆಲ್ಲನೆ ಸುತ್ತಿ, ತಣ್ಣೀರಿಗೆ ಅದ್ದಿದರೆ ಮುಗಿಯಿತು. ಸಿಗಡಿಯ ಮಾದರಿಯೂ ಇತ್ತು. ನಾವು ಕುಂಬಳವನ್ನೇ ಆರಿಸಿಕೊಂಡೆವು. ಒಳಗೆ ಏನು ಬಿದ್ದಿದೆಯೋ ಎಂಬ ಅಳುಕಿಲ್ಲದೆ ಆ ದೇಶದಲ್ಲಿ ನಾವು ಮಾಡಿದ ಅಡುಗೆ ಇದೊಂದೇ ಎಂದು ಅಳಿಯಂದಿರು ನಕ್ಕರು.

ಎರಡನೆಯದು ಲೆಟ್ಯೂಸ್, ಕೋಸಿನ ಹಾಗೆ ಪದರು ಪದರಾಗಿರುವ ಹಸಿರೆಲೆ. ನೀರಿನ ಮೇಲೆ ಮೊದಲು ಬಿಳಿಯ ಮೇಣ, ಅದಕ್ಕೆ ಹೊಂದಿಕೊಂಡಂತೆ ಹಸಿರು ಮೇಣ. ಅಂಚನ್ನು ಎರಡೂ ಕೈಗಳಿಂದ ಹಿಡಿದು ನೀರಿನೊಳಕ್ಕೆ ಜಗ್ಗಿದರೆ ಅದು ಸೆರಗಿನಂತೆ ತೆಳ್ಳಗೆ ಹಿಗ್ಗಿ, ನೆರಿಗೆ ನೆರಿಗೆಯಾಗಿ, ಅಲ್ಲಲ್ಲಿ ನರಗಳನ್ನೂ ಮೂಡಿಸಿಕೊಂಡು ಎಲೆಯಾಗುತ್ತದೆ. ಆ ಎಲೆಯನ್ನು ಉಂಡೆಯಾಗಿ ಮಡಿಸಿ ಚಾಕುವಿನಿಂದ ಎರಡು ಹೋಳು ಮಾಡಿದಾಗ ಒಳಗಿನ ಪದರುಗಳು ಕಂಡವು. ಸುತ್ತ ನಿಂತವರೆಲ್ಲ ಒಮ್ಮೆಲೇ ಉದ್ಗಾರ ತೆಗೆದರು. ಕಲಿಸುತ್ತಿದ್ದ ತರುಣಿ ದಿನವೂ ಆ ಉದ್ಗಾರವನ್ನು ಕೇಳುವವಳು. ಆದರೂ ಅವಳ ಮುಖ ಅರಳಿತು.

ಇದು ಸಂದರ್ಶಕರ ಆಟ. ಅಂಗಡಿಗಳಿಗೆ ಮಾಡುವ ಕೆಲಸದ ಬಗೆ ಬೇರೆ. ಹಿಂದಿನ ಕಾಲದಲ್ಲಿ ನಿಜವಾದ ತಿನಿಸಿನ ಮೇಲೆ ಅಗರ್ ದ್ರವವನ್ನು (ನಮ್ಮ ಮನೆಗಳಲ್ಲಿ ಚೈನಾ ಗ್ರಾಸ್ ಎನ್ನುವುದು ಇದನ್ನೇ) ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಆ ಅಚ್ಚಿಗೆ ಬಣ್ಣದ ಮೇಣ ಹೊಯ್ಯುತ್ತಿದ್ದರು. ಮೇಣಕ್ಕೆ ಬಿಸಿಲು ಆಗದು; ಬಣ್ಣ ಮಾಸುತ್ತದೆ, ಬೇಸಿಗೆಯಲ್ಲಿ ಮೈ ಬಾಗುತ್ತದೆ. ಆದುದರಿಂದ 1970ರ ದಶಕದಿಂದೀಚೆಗೆ ಸಿಲಿಕೋನಿನ ಅಚ್ಚು, ವಿನೈಲಿನ ಎರಕ ಬಂದವು. ಹೋಟೆಲಿನವರು ತಮ್ಮಲ್ಲಿ ಬಡಿಸುವ ತಿನಿಸನ್ನೇ, ತಾವು ಬಡಿಸುವ ತಟ್ಟೆಯ ಸಮೇತ, ಕಾರ್ಯಾಗಾರಕ್ಕೆ ತಂದೊಪ್ಪಿಸುತ್ತಾರೆ. ಅದರ ಒಂದೊಂದು ಹೋಳನ್ನೂ ಬೇರ್ಪಡಿಸಿ ಅಚ್ಚು ತೆಗೆಯುತ್ತಾರೆ. ದ್ರವರೂಪದ ವಿನೈಲನ್ನು ಅಚ್ಚಿಗೆ ಹೊಯ್ದು ಒಲೆಯಲ್ಲಿ ಕಾಯಿಸಿದಾಗ ಗಟ್ಟಿಯಾಗುತ್ತದೆ. ಅನಂತರ ಅಂಚು ಕತ್ತರಿಸುವುದು, ಬಣ್ಣ ಸಿಂಪಡಿಸುವುದು, ಸಣ್ಣ ಕುಂಚದಿಂದ ಸುಟ್ಟ ಕಲೆ, ಎಣ್ಣೆಯ ಹೊಳಪು, ಹಣ್ಣಿನ ಸಿಪ್ಪೆಯ ಮಚ್ಚೆಗಳನ್ನು ಬರೆಯುವುದು. ಸಾರಿಗೆ ಪಾರದರ್ಶಕ ರಾಳ. ಕೊನೆಗೆ ಬಾಣಸಿಗ ತಟ್ಟೆಯಲ್ಲಿ ಜೋಡಿಸುವ ಹಾಗೆಯೇ ಇವರೂ ಜೋಡಿಸುತ್ತಾರೆ. ಎರಡು ಹೋಟೆಲುಗಳ ಶಾವಿಗೆ ಒಂದೇ ತೆರನಾಗಿರದ ಕಾರಣ ಎರಡರ ಪ್ರತಿಕೃತಿಯೂ ಒಂದಾಗದು. ಈ ಕಾರಣಕ್ಕೆ ಯಂತ್ರ ಇಲ್ಲಿ ಕೈಯನ್ನು ಇನ್ನೂ ಹೊರದೂಡಿಲ್ಲ.

ಓದುಗ ಬಂಧುಗಳಿಗೆ ಇಲ್ಲಿ ನಮ್ಮ ಗೋಕಾಕದ ನೆನಪಾಗದಿರದು. ಹಗುರವಾದ ಮರದಲ್ಲಿ ಮಾವು, ಬಾಳೆ, ಸೀತಾಫಲ, ಬದನೆಗಳನ್ನು ಕೆತ್ತಿ ಬಣ್ಣ ಕಟ್ಟುವ ಗೋಕಾಕದ ಕುಶಲಿಗರ ಹಣ್ಣಿನ ಬುಟ್ಟಿ ಉತ್ತರ ಕರ್ನಾಟಕದ ಎಷ್ಟು ಮನೆಗಳ ಪಡಸಾಲೆಯಲ್ಲಿಲ್ಲ! ಬಂದ ನೆಂಟರ ಮಗು ಅದಕ್ಕೆ ಕೈ ಹಾಕುವುದೂ, ಮನೆಯ ಹಿರಿಯರು ನಗುವುದೂ ನಾವು ಬಲ್ಲ ಸಂಗತಿಯೇ. ಕೈಚಳಕದಲ್ಲಿ ಗೋಕಾಕದವರು ಯಾರಿಗೂ ಕಡಿಮೆಯಲ್ಲ. ಆದರೆ ಗೋಕಾಕದ ಮಾವು ಮನೆಯ ಅಲಂಕಾರವಾಗಿ ಉಳಿಯಿತು. ಗುಜೋದ ಶಾವಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗೆ ಮಾತು ಕೊಟ್ಟಿತು. ‘ಒಳಗೆ ಬಾ, ಇಷ್ಟೇ ಗಾತ್ರದ್ದು, ಇಷ್ಟೇ ಹೋಳುಗಳಿರುವುದು, ಇದೇ ಬೆಲೆಗೆ ದೊರೆಯುತ್ತದೆ’ ಎಂಬ ಮಾತು. ಅದಕ್ಕಾಗಿಯೇ ಕಸುಬಿಗೆ ದುಡ್ಡು ಬಂತು, ದುಡ್ಡಿನ ಬೆನ್ನಿಗೆ ಬಾಳಿಕೆಯೂ ಬಂತು. ನಮ್ಮ ಊರುಗಳ ಖಾನಾವಳಿಗಳು ಗೋಕಾಕದವರಿಂದ ಒಂದು ಊಟದ ತಾಟನ್ನು — ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಹಿತ — ಮಾಡಿಸಿ ಬಾಗಿಲಿಗಿಟ್ಟರೆ ಹೇಗೆ ಎಂಬ ವಿಚಾರ ನಮಗೆ ಅಲ್ಲಿಯೇ ಹೊಳೆಯಿತು.

ಆದರೆ ಸುಳ್ಳು ಊಟ ಎಲ್ಲ ಕಡೆಯೂ ಹೀಗೆ ಮಾತಿಗೆ ಬದ್ಧವಾಗಿಲ್ಲ. ಜಾಹೀರಾತಿನ ಛಾಯಾಚಿತ್ರಗಳಿಗಾಗಿ ಮಾಡುವ ಊಟದ ಕಥೆ ಬೇರೆ. ಪ್ರಖರ ದೀಪಗಳ ಕೆಳಗೆ ಐಸ್‌ಕ್ರೀಮು ಕ್ಷಣದಲ್ಲಿ ಕರಗುವುದರಿಂದ ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಬಣ್ಣ ಹಾಕಿ ಉಂಡೆ ಮಾಡಿಡುತ್ತಾರೆ. ಹಾಲಿನ ಬದಲು ಬಿಳಿಯ ಅಂಟು. ಪಾಕದ ಬದಲು ಮೋಟಾರಿನ ಎಣ್ಣೆ. ಮಂಜುಗಡ್ಡೆಯ ಬದಲು ಅಕ್ರಿಲಿಕ್ ತುಂಡುಗಳು. ಲೋಟದ ಮೇಲಿನ ಹನಿಗಳು ಗ್ಲಿಸರಿನ್ ಬೆರೆಸಿದ ನೀರು. ಪತ್ರಿಕೆಯ ಪುಟದಲ್ಲಿ ನಮ್ಮ ಮಕ್ಕಳು ಬೆರಳಿಟ್ಟು ‘ಇದು ಬೇಕು’ ಎನ್ನುವ ಚಿತ್ರಗಳಲ್ಲಿ ಹೀಗೆ ಮಾಡಿದವೂ ಉಂಟು.

ಇದು ಎಲ್ಲಿಯವರೆಗೆ ಸರಿ? ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಕ್ಷೌರದ ನೊರೆಯೊಂದು ಮರಳುಕಾಗದವನ್ನೂ ಮೆದುಗೊಳಿಸುತ್ತದೆಂದು ಕೋಲ್ಗೇಟ್ ಪಾಮೋಲಿವ್ ಸಂಸ್ಥೆ ದೂರದರ್ಶನದಲ್ಲಿ ತೋರಿಸಿತ್ತು. ತೋರಿಸಿದ್ದು ಮರಳುಕಾಗದವಾಗಿರದೆ, ಮರಳು ಅಂಟಿಸಿದ ಪಾರದರ್ಶಕ ಹಲಗೆಯಾಗಿತ್ತು. 1965ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಇದನ್ನು ವಂಚನೆಯೆಂದಿತು. ಆಲೂಗಡ್ಡೆಯ ಐಸ್‌ಕ್ರೀಮಿನ ಮಾತೂ ಅದೇ ತೀರ್ಪಿನಲ್ಲಿ ಬಂದಿದೆ: ದೃಶ್ಯದಲ್ಲಿ ಸುಮ್ಮನೆ ತಿನ್ನುವಂತೆ ತೋರಿಸಿದರೆ ಒಂದು ಬಗೆ, ಅದರ ನುಣುಪನ್ನೋ ಬಣ್ಣವನ್ನೋ ಪ್ರಮಾಣವಾಗಿ ಮುಂದಿಟ್ಟರೆ ಇನ್ನೊಂದು ಬಗೆ. ಕೆಲವೇ ವರ್ಷಗಳಲ್ಲಿ ಕ್ಯಾಂಪ್‌ಬೆಲ್ ಸಂಸ್ಥೆಯ ಸೂಪಿನ ಜಾಹೀರಾತು ಚರ್ಚೆಗೆ ಬಂತು. ತರಕಾರಿ ಹೋಳುಗಳು ತಳಕ್ಕಿಳಿಯದೆ ಮೇಲೆ ಕಾಣಲೆಂದು ಬಟ್ಟಲ ತಳದಲ್ಲಿ ಗಾಜಿನ ಗೋಲಿಗಳನ್ನು ಇಟ್ಟಿದ್ದರು. 1970ರಲ್ಲಿ ಅಮೆರಿಕ ಸರಕಾರದ ವ್ಯಾಪಾರ ಆಯೋಗದೊಡನೆ ಒಪ್ಪಂದವಾಗಿ ಆ ರೂಢಿ ನಿಂತಿತು. ಗಮನಿಸಬೇಕು: ಆ ಬಟ್ಟಲಲ್ಲಿದ್ದ ಸೂಪು ನಿಜವಾದುದೇ, ಸುಳ್ಳಿದ್ದದ್ದು ಅದರ ತುಂಬುವಿಕೆಯಲ್ಲಿ. ಗುಜೋದ ಬೋಗುಣಿಯಲ್ಲಿ ನಿಜವಾದ ಒಂದು ಎಳೆಯೂ ಇಲ್ಲ. ಆದರೆ ಗಿರಾಕಿಯು ಅದನ್ನು ನೋಡಿ ಹತ್ತು ನಿಮಿಷದೊಳಗೆ ನಿಜವಾದುದರ ಮುಂದೆ ಕೂರುತ್ತಾನೆ. ಹೋಳು ಒಂದು ಕಡಿಮೆಯಾದರೂ ಎದ್ದು ಹೋಗಿ ಗಾಜಿನೊಳಗೆ ಎಣಿಸಿ ಬರಬಹುದು. ಛಾಯಾಚಿತ್ರದ ಊಟಕ್ಕೆ ಇಂಥ ಸಾಕ್ಷಿಯಿಲ್ಲ.

ಹಾಗೆಂದು ಗಾಜಿನ ಕಪಾಟನ್ನೇ ಪೂರ್ತಿ ನಂಬಿ ಒಳಗೆ ಹೋಗುವಂತಿಲ್ಲ. ಶಾಕಾಹಾರಿ ಮನೆಗಳವರು ಈ ಮಾತನ್ನು ಚೆನ್ನಾಗಿ ನೆನಪಿಡಬೇಕು. ಬೋಗುಣಿಯಲ್ಲಿ ಬಿಳಿಯ ಶಾವಿಗೆ, ಮೇಲೆ ಕರಿದ ಸೋಯಾ ಪನೀರಿನ ಹೋಳು, ಒಂದಿಷ್ಟು ಹಸಿ ಈರುಳ್ಳಿ, ತಿಳಿಯಾದ ಸಾರು — ಕಿತ್ಸುನೆ ಉದೋನ್ ಎಂಬ ಈ ತಿನಿಸಿನ ಪ್ರತಿಕೃತಿಯನ್ನು ನೋಡಿದ ಯಾವ ತಾಯಿಯೂ ‘ಇದು ನಮಗೆ ಆಗುವಂಥದು’ ಎಂದೇ ಹೇಳುವಳು. ಆ ಸಾರನ್ನು ಸಾಮಾನ್ಯವಾಗಿ ಒಣಗಿಸಿ ಹೆರೆದ ಮೀನಿನಿಂದ ಇಳಿಸುತ್ತಾರೆ. ‘ದಾಶಿ’ ಎಂಬ ಆ ಮೂಲರಸ ಜಪಾನೀ ಅಡುಗೆಯ ಜೀವಾಳ. ತರಕಾರಿಯ ಪಲ್ಯದಲ್ಲಿಯೂ ಅದಿರಬಹುದು. ರಾಳದ ಸಾರಿಗೆ ಅದರ ಬಣ್ಣ ಬರುತ್ತದೆಯೇ ಹೊರತು ಅದರ ಸುದ್ದಿ ಬರುವುದಿಲ್ಲ. ಅಳಿಯಂದಿರು ಇದನ್ನು ವಿಮಾನ ನಿಲ್ದಾಣದಲ್ಲಿಯೇ ತಿಳಿಸಿದ್ದರಿಂದ, ನಾವು ಗಾಜಿನ ಕಪಾಟನ್ನು ನೋಡಿ ಆನಂದಿಸಿ, ಅವರು ಜಪಾನೀ ಲಿಪಿಯಲ್ಲಿ ಬರೆದುಕೊಟ್ಟ ಚೀಟಿಯನ್ನು ಒಳಗೆ ತೋರಿಸಿ, ಉತ್ತರ ಕೇಳಿದ ಮೇಲೆಯೇ ಕುಳಿತುಕೊಳ್ಳುತ್ತಿದ್ದೆವು. ಬೌದ್ಧ ಆಲಯಗಳ ‘ಷೋಜಿನ್’ ಅಡುಗೆಯಲ್ಲಿ ಕಡಲಪಾಚಿಯಿಂದಲೂ ಅಣಬೆಯಿಂದಲೂ ಮೂಲರಸ ತೆಗೆಯುವರು; ಅಲ್ಲಿ ಚಿಂತೆಯಿಲ್ಲ. ಆ ದೇಶಕ್ಕೆ ಮಕ್ಕಳನ್ನು ಕಳಿಸುವ ತಂದೆ ತಾಯಿಗಳು ಅಂಥ ಚೀಟಿಯೊಂದನ್ನು ಅವರ ಜೇಬಿನಲ್ಲಿಟ್ಟೇ ಕಳಿಸುವುದು ಒಳಿತು.

ಈ ಕಸುಬಿನ ಖ್ಯಾತಿ ಈಗ ಹೊರದೇಶಗಳಿಗೂ ಹಬ್ಬಿದೆ. ಜರ್ಮನಿಯ ವಿಮ್ ವೆಂಡರ್ಸ್ 1985ರ ತಮ್ಮ ‘ಟೋಕಿಯೋ ಗಾ’ ಚಿತ್ರದಲ್ಲಿ ಮೇಣದ ಊಟ ತಯಾರಾಗುವುದನ್ನು ಸೆರೆಹಿಡಿದರು. 2024ರಲ್ಲಿ ಲಂಡನ್ನಿನ ಜಪಾನ್ ಹೌಸ್ ಈ ಪ್ರತಿಕೃತಿಗಳದೇ ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ನಮಗೆ ಇವೆರಡಕ್ಕಿಂತ ಹಿರಿದಾಗಿ ತೋರಿದ್ದು ಇವುಗಳ ಇನ್ನೊಂದು ಉಪಯೋಗ. ಜಪಾನಿನಲ್ಲಿ ಪಥ್ಯ ಹೇಳಿಕೊಡುವ ಕಡೆಗಳಲ್ಲಿ ಇಂಥ ಮಾದರಿ ತಿನಿಸುಗಳನ್ನು ಬಳಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ‘ಅನ್ನ ಕಡಿಮೆ ಉಣ್ಣಿರಿ’ ಎಂದರೆ ಎಷ್ಟು ಕಡಿಮೆಯೆಂದು ತಿಳಿಯದು. ಅಷ್ಟೇ ಅಳತೆಯ ಅನ್ನದ ಬಟ್ಟಲನ್ನು ಕೈಯಲ್ಲಿಟ್ಟರೆ ತಿಳಿಯುತ್ತದೆ. ಕೆಲವು ಮಾದರಿಗಳ ಒಡಲಲ್ಲಿ ಚಿಕ್ಕ ವಿದ್ಯುನ್ಮಾನ ಬಿಲ್ಲೆಯನ್ನು ಅಡಗಿಸಿರುತ್ತಾರೆ. ತಾವು ನಿತ್ಯ ಉಣ್ಣುವ ತಿನಿಸುಗಳನ್ನು ಆರಿಸಿ ಯಂತ್ರದ ಹಲಗೆಯ ಮೇಲೆ ತಾಟನ್ನಿಟ್ಟರೆ ಸಾಕು. ಆ ಊಟದಲ್ಲಿ ಕ್ಯಾಲೊರಿ ಎಷ್ಟು, ಉಪ್ಪು ಎಷ್ಟು ಎಂಬ ಲೆಕ್ಕ ಎದುರಿನ ಪರದೆಯ ಮೇಲೆ ಮೂಡುತ್ತದೆ.